ತೆಂಕುಪಟ್ಣದ ಸತು

ನೀರಿನ ಅಡಿಯಲ್ಲಿ ಹಾಕಿದ ಬೆಸುಗೆ ನೆಲದ ಮೇಲೆ ಹಾಕಿದ ಬೆಸುಗೆಯಷ್ಟೇ ಗಟ್ಟಿಯಾಗಿ ನಿಂತರೆ ಏನಾದೀತು? ವಾರಿಜಾ ಕುಂದರ್‌ಗೆ ಈ ಪ್ರಶ್ನೆ ಹುಟ್ಟಿದ್ದು ಪ್ರಯೋಗಾಲಯದಲ್ಲಲ್ಲ, ಗುಡ್ಡದ ಮೇಲಿನ ಒಂದು ತಗಡಿನ ಶೆಡ್ಡಿನಲ್ಲಿ. ಆಗಿನ್ನೂ ಅವಳು ಲೋಹವಿಜ್ಞಾನ ಓದುತ್ತಿದ್ದ ಹುಡುಗಿ. ಆಟಿ ತಿಂಗಳ ಮಳೆ ತಗಡಿಗೆ ಬಡಿಯುತ್ತಿತ್ತು. ಒಳಗೆ ಇಡೀ ತೆಂಕುಪಟ್ಣ ಚಾಪೆ ಹಾಸಿಕೊಂಡು ಬಿದ್ದಿತ್ತು. ಅಣ್ಣ ಯಾದವನ ಹೆಂಡತಿ ಗುಲಾಬಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವಳ ಎರಡನೆಯ ಬಸಿರೂ ನಿಂತಿರಲಿಲ್ಲ. ಆಸ್ಪತ್ರೆಗೆ ಹೋಗುವ ದಾರಿ ಗುಡ್ಡ ಕುಸಿದು ಮುಚ್ಚಿಹೋಗಿತ್ತು. ನಮ್ಮ ಮನೆಯಲ್ಲೇ ಇದ್ದಿದ್ದರೆ ದೋಣಿಯಲ್ಲಾದರೂ ಕರೆದುಕೊಂಡು ಹೋಗುತ್ತಿದ್ದೆ ಎಂದು ಯಾದವ ಆ ಒಂದೇ ಮಾತನ್ನು ಹೇಳುತ್ತ ಕೂತಿದ್ದ.

ತೆಂಕುಪಟ್ಣ ಕಡಲಿನಲ್ಲಿ ಉಕ್ಕಿನ ಕಾಲುಗಳ ಮೇಲೆ ನಿಂತ ಊರು. ಸಮುದ್ರ ಏರುತ್ತ ಏರುತ್ತ ದಡದ ಕೇರಿಗಳನ್ನೆಲ್ಲ ನುಂಗಿದ ಮೇಲೆ, ಮೀನು ಹಿಡಿಯುವವರನ್ನು ಘಟ್ಟದ ಬುಡಕ್ಕೆ ಅಟ್ಟಿದರೆ ಅವರು ಅಲ್ಲಿ ಮಾಡುವುದೇನು ಎಂಬ ಬುದ್ಧಿ ಸರಕಾರಕ್ಕೆ ಹೇಗೋ ಬಂತು. ಕರಾವಳಿ ವಸತಿ ಮಂಡಳಿ ಎಂಬುದೊಂದು ಹುಟ್ಟಿಕೊಂಡು ತೀರದಾಚೆಯ ತಗ್ಗು ನೀರಿನಲ್ಲಿ ಇಂಥ ಊರುಗಳನ್ನು ಕಟ್ಟಿಸಿತು. ಬೀದಿ, ಶಾಲೆ, ಭಜನಾ ಮಂದಿರ, ಮೀನು ಒಣಗಿಸುವ ಅಂಗಳ, ಊರಿಗೆ ಬೇಕಾದದ್ದೆಲ್ಲ ಇತ್ತು. ಕಾಲಿನಲ್ಲಿ ಮಾತ್ರ ಬಲವಿರಲಿಲ್ಲ. ಕಾಲುಗಳನ್ನು ಒಂದಕ್ಕೊಂದು ಬಿಗಿಯುವ ಅಡ್ಡಕೊಳವೆಗಳನ್ನು ನೀರಿನೊಳಗೇ ಬೆಸೆಯಬೇಕಿತ್ತು. ನೀರಿನೊಳಗಿನ ಬೆಸುಗೆಯನ್ನು ಮಳೆಗಾಲದ ತೆರೆಗಳಿಗೆ ಒಡ್ಡುವ ಧೈರ್ಯ ಯಾವ ಎಂಜಿನಿಯರಿಗೂ ಇರಲಿಲ್ಲ. ಹಾಗಾಗಿ ವರ್ಷದಲ್ಲಿ ನಾಲ್ಕು ತಿಂಗಳು ಊರಿಗೆ ಬೀಗ, ಜನರಿಗೆ ಗುಡ್ಡದ ಶೆಡ್ಡು.

ಬೆಸುಗೆಯ ಕಿಡಿ ನೀರಿನಲ್ಲಿ ಹೊತ್ತಿಕೊಂಡಾಗ ಸುತ್ತಲಿನ ನೀರೇ ಒಡೆಯುತ್ತದೆ. ಅದರ ಹೈಡ್ರೋಜನ್ ಕರಗಿದ ಉಕ್ಕಿನೊಳಗೆ ನುಗ್ಗುತ್ತದೆ. ನೆಲದ ಮೇಲಾದರೆ ಉಕ್ಕು ನಿಧಾನವಾಗಿ ಆರುತ್ತದೆ, ಒಳಗೆ ಹೊಕ್ಕದ್ದು ಹೊರಡಲು ಸಮಯ ಸಿಗುತ್ತದೆ. ನೀರು ಅಷ್ಟು ಪುರಸೊತ್ತು ಕೊಡುವುದಿಲ್ಲ. ಕ್ಷಣದಲ್ಲಿ ತಣಿಸಿ ಎಲ್ಲವನ್ನೂ ಒಳಗೇ ಕೂಡಿಹಾಕುತ್ತದೆ. ಹಾಗೆ ಸಿಕ್ಕಿಬಿದ್ದ ಹೈಡ್ರೋಜನ್ ಒಂದೆರಡು ದಿನ ಸುಮ್ಮನಿದ್ದು, ಆಮೇಲೆ ದುರ್ಬಲವಾದ ಜಾಗವೊಂದನ್ನು ಹುಡುಕಿ ಅಲ್ಲಿ ಗುಂಪುಗೂಡಿ ಉಕ್ಕನ್ನು ಸೀಳುತ್ತದೆ. ಮದ್ದು ಇರುವುದು ಬೆಸುಗೆಯ ರಾಡಿನಲ್ಲಿ ಬೆರೆಸುವ ಧಾತುಗಳಲ್ಲಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾವುದು, ಎಷ್ಟು ಎಂಬುದೇ ತಲೆನೋವು. ಮ್ಯಾಂಗನೀಸ್ ಬೆರೆಸಿದರೆ ಬಲ ಬರುತ್ತದೆ, ಆದರೆ ಆಳಕ್ಕೆ ಹೋದಷ್ಟೂ ಅದು ಕಿಡಿಯಲ್ಲೇ ಸುಟ್ಟುಹೋಗುತ್ತದೆ. ಇಂಗಾಲ ಒಂದು ಚೂರು ಹೆಚ್ಚಾದರೆ ಬೆಸುಗೆ ಗಾಜಿನಂತೆ ಪೆಡಸು. ನಿಕ್ಕಲ್ ಹಾಕಿದರೆ ಪೆಟ್ಟು ತಾಳುವ ಗುಣ ಬರುತ್ತದೆ, ಕೈ ಮೀರಿದರೆ ಮತ್ತೆ ಬಿರುಕು.

ವಾರಿಜಾ ಇದರ ಹಿಂದೆ ಬಿದ್ದು ಮದುವೆಯನ್ನೂ ಮರೆತು ತಲೆಕೂದಲು ಬೆಳ್ಳಗೆ ಮಾಡಿಕೊಂಡಳು. ಕೊನೆಗೆ ಅವಳ ಕೈ ಹಿಡಿದದ್ದು ವನೇಡಿಯಂ. ಹದವಾದ ನಿಕ್ಕಲ್ ಜೊತೆಗೆ ಅದನ್ನು ಬೆರೆಸಿದರೆ ಅದು ಉಕ್ಕಿನ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಹರಡಿಕೊಂಡು ಹೈಡ್ರೋಜನ್ನನ್ನು ಬಂದಲ್ಲೇ ಹಿಡಿದು ಕೂರಿಸುತ್ತಿತ್ತು. ಮದುವೆಮನೆಯಲ್ಲಿ ಬಂದವರನ್ನು ಬಂದ ಹಾಗೇ ಎಲೆಯ ಮುಂದೆ ಕೂರಿಸಿದರೆ ಬಾಗಿಲಲ್ಲಿ ನೂಕುನುಗ್ಗಲು ಆಗುವುದಿಲ್ಲವಲ್ಲ, ಅಷ್ಟೇ ಇದರ ಗುಟ್ಟು. ಪ್ರಯೋಗಾಲಯದ ದೊಡ್ಡ ತೊಟ್ಟಿಯಲ್ಲಿ ಉಪ್ಪುನೀರು ತುಂಬಿಸಿ, ತೆರೆ ಎಬ್ಬಿಸಿ, ಒಂದಿಡೀ ವರ್ಷ ಬೆಸುಗೆಗಳನ್ನು ಜಗ್ಗಿ ನೋಡಿದರು. ಬೆಸೆದ ಉಕ್ಕೇ ಮುರಿಯಿತು, ಬೆಸುಗೆ ಮುರಿಯಲಿಲ್ಲ.

ಮಂಡಳಿ ಆ ರಾಡಿಗೆ ಅಂಕೆ ಅಕ್ಷರ ಸೇರಿಸಿ ಉದ್ದನೆಯ ಹೆಸರೊಂದನ್ನು ಕೊಟ್ಟಿತು. ತೆಂಕುಪಟ್ಣದವರು ಅದನ್ನು ವಾರಿಜಕ್ಕನ ರಾಡು ಎಂದರು. ಊರಿನ ಮುಳುಗುಗಾರರ ಮೇಸ್ತ್ರಿಯಾಗಿದ್ದ ಯಾದವನೇ ನೀರಿಗಿಳಿದು ಮೊದಲ ಬೆಸುಗೆ ಹಾಕಿದ. ಎಲ್ಲ ಕಾಲುಗಳ ಬೆಸುಗೆ ಮುಗಿದ ವರ್ಷ, ಊರು ಕಟ್ಟಿದಂದಿನಿಂದ ಮೊದಲ ಸಲ ಮಳೆಗಾಲದಲ್ಲೂ ತೆಂಕುಪಟ್ಣದ ಮನೆಗಳಲ್ಲಿ ಒಲೆ ಉರಿಯಿತು.

ಆ ಮಳೆಗಾಲದಲ್ಲಿ ವಾರಿಜಾ ಅಣ್ಣನ ಮನೆಗೆ ಹೋಗಿದ್ದಳು. ಕೆಳಗೆ ತೆರೆ ಅಪ್ಪಳಿಸಿದಾಗಲೆಲ್ಲ ನೆಲ ಸಣ್ಣಗೆ ನಡುಗುತ್ತಿತ್ತು, ಗೋಡೆಯ ಮೊಳೆಗೆ ನೇತುಹಾಕಿದ ಸೌಟುಗಳು ಕಿಣಿಕಿಣಿ ಎನ್ನುತ್ತಿದ್ದವು. ಗುಲಾಬಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ಒಣಮೀನಿನ ಚಟ್ನಿ ಅರೆದು, ಕುಚ್ಚಲಕ್ಕಿ ಗಂಜಿ ಬಡಿಸಿ, ನಾದಿನಿ ಉಣ್ಣುವುದನ್ನು ನೋಡುತ್ತ ಎದುರಿಗೆ ಕೂತಳು. ಆ ಎರಡು ಬಸಿರುಗಳ ಬಳಿಕ ಹುಟ್ಟಿದ ಮಗಳು ಪೂರ್ಣಿಮೆಯನ್ನು ಕಡಲಿನ ಇನ್ನೊಂದು ಊರಾದ ಬಡಗುಪಟ್ಣಕ್ಕೆ ಮದುವೆ ಮಾಡಿಕೊಟ್ಟಾಗಿತ್ತು. ಮುಂದಿನ ಬೇಸಿಗೆಗೆ ಅಲ್ಲಿಯ ಕಾಲುಗಳಿಗೂ ಇದೇ ರಾಡಿನ ಬೆಸುಗೆ ಹಾಕುವುದಿತ್ತು.

"ನನ್ನ ಮನೆಯಲ್ಲಿ ಮಳೆ ಹೇಗೆ ಕೇಳ್ತದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಮಾರಾಯ್ತಿ," ಎಂದಳು ಗುಲಾಬಿ. "ನಿನ್ನಿಂದ ಗೊತ್ತಾಯ್ತು."

ಬಹುಮಾನ, ಹಾರ, ಪೇಪರಿನಲ್ಲಿ ಫೋಟೊ ಎಲ್ಲ ಬಂದಿತ್ತು. ಆದರೆ ವಾರಿಜಾಳಿಗೆ ಗೆದ್ದೆ ಎನಿಸಿದ್ದು ಆ ಗಂಜಿಯ ಮುಂದೆ.

ಈಗ ಸತುವಿನ ವಿಷಯ ಹೇಳಬೇಕು. ಆ ಕಡೆಯ ಊರುಗಳಲ್ಲಿ ಒಂದು ಪದ್ಧತಿ ಬೆಳೆದಿತ್ತು. ಮಗುವಿಗೆ ಹೆಸರಿಡುವ ದಿನ ಸೋದರಮಾವನಾದವನು ನೀರಿಗೆ ಇಳಿದು, ಮನೆಯ ಅಡಿಯ ಕಾಲಿಗೆ ಸತುವಿನ ಗಟ್ಟಿಯೊಂದನ್ನು ಕಟ್ಟಬೇಕು. ಕಬ್ಬಿಣದ ಬೋಟುಗಳು ಬಂದ ಕಾಲದಿಂದಲೂ ಬೋಟಿನ ಅಡಿಗೆ ಸತು ಹೊಡೆಯುತ್ತಿದ್ದರು. ಉಪ್ಪುನೀರು ಮೊದಲು ಸತುವನ್ನು ತಿನ್ನುತ್ತದೆ, ಅದು ಮುಗಿಯುವ ತನಕ ಕಬ್ಬಿಣದ ತಂಟೆಗೆ ಹೋಗುವುದಿಲ್ಲ. ಬೋಟಿನ ಅಭ್ಯಾಸ ಊರಿನ ಕಾಲಿಗೆ ಬಂತು, ಬರುಬರುತ್ತ ಅದಕ್ಕೆ ಅರಸಿನ ಕುಂಕುಮವೂ ಬಂತು. ಕರಗಿದ ಸತುವನ್ನು ಪ್ರತಿ ವರ್ಷ ಬದಲಿಸಬೇಕು. ಮಂಡಳಿಯವರು ಕಾಲುಗಳಿಗೆ ಎಷ್ಟು ಬೇಕೋ ಅಷ್ಟನ್ನು ಅಳೆದೇ ಹಾಕಿದ್ದರು. ಆದರೆ ಸರಕಾರದ ಸತು ಸರಕಾರದ್ದು, ಮಗುವಿನ ಸತು ಮಗುವಿನದು. ವಾರಿಜಾಳ ಹೆಸರಿನಲ್ಲೂ ಆ ಮನೆಯ ಕಾಲಿಗೆ ಒಂದಿತ್ತು. ಅದನ್ನು ಯಾದವ ವರ್ಷವೂ ತಪ್ಪದೆ ಬದಲಿಸಿ, ನಿನ್ನದನ್ನು ಹೊಸತು ಮಾಡಿದೆ ಎಂದು ಫೋನು ಮಾಡುತ್ತಿದ್ದ.

ಆ ಕಾಲಿಗೆ ಇನ್ನೂ ಎರಡು ಇದ್ದವು. ಗುಲಾಬಿಯ ಕೈಗೆ ಬಾರದೆ ಹೋದ ಮಕ್ಕಳವು. ಹೆಸರಿಡದ ಮಕ್ಕಳಿಗೆ ಸತು ಕಟ್ಟುವ ಶಾಸ್ತ್ರವಿಲ್ಲ, ಮಾವನೂ ಕಟ್ಟುವ ಹಾಗಿಲ್ಲ. ಯಾದವ ತಾನೇ ಕಟ್ಟಿದ್ದ. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಬೆಸುಗೆ ಮುಗಿದ ಮೇಲಿನ ಮೂರನೆಯ ಬೇಸಿಗೆ ಮುಗಿಯುತ್ತ ಬಂದಿತ್ತು. ದಡದಲ್ಲಿದ್ದ ಮಂಡಳಿಯ ನಿಯಂತ್ರಣ ಕೊಠಡಿಯಿಂದ ಇದಿನಬ್ಬ ಫೋನು ಮಾಡಿದ. ಕಾಲುಗಳಿಗೆ ಹಚ್ಚಿದ ಮೈಕುಗಳ ಸದ್ದು ಕೇಳುವುದು ಅವನ ಕೆಲಸ. ಅಲೆ, ಸಿಗಡಿಯ ಚಟಚಟ, ಬೋಟಿನ ಎಂಜಿನ್ನು, ಎಲ್ಲ ಅವನಿಗೆ ಮನೆಮಂದಿಯ ಸ್ವರದಷ್ಟು ಪರಿಚಿತ. ಮೇಡಂ, ಬೆರಳ ನೆಟಿಗೆ ತೆಗೆದ ಹಾಗೆ ಒಂದು ಶಬ್ದ ಬರುತ್ತಿದೆ, ಇದು ಮೊದಲು ಇರಲಿಲ್ಲ ಎಂದ. ಕೇಳಿಸಿಕೊಂಡ ವಾರಿಜಾಳಿಗೆ ಅದು ಬಿರುಕಿನ ಸದ್ದೆಂದು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆದರೆ ನಂಬಲು ಬೇಕಾಯಿತು.

ಯಾದವ ಸದ್ದು ಬಂದ ಬೆಸುಗೆಯಿಂದ ಒಂದು ತುಂಡು ಕತ್ತರಿಸಿ, ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿಕೊಂಡು ತಾನೇ ಪ್ರಯೋಗಾಲಯಕ್ಕೆ ತಂದುಕೊಟ್ಟ. ಎಂತದೂ ಇರಲಿಕ್ಕಿಲ್ಲ, ಒಮ್ಮೆ ನೋಡಿಬಿಡು ಎಂದು ಹೇಳಿ, ತಂಗಿಗೆ ತಂದ ಕಾಣೆಮೀನಿನ ಕಟ್ಟನ್ನು ಅದರ ಪಕ್ಕದಲ್ಲೇ ಇಟ್ಟು ಹೋದ. ವಾರಿಜಾ ತುಂಡನ್ನು ಮುರಿದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಬಾಗಿ ಹರಿದ ಗುರುತಿರಲಿಲ್ಲ. ಸಕ್ಕರೆಯ ಹರಳುಗಳಂತೆ ಹೊಳೆಯುವ ಚಪ್ಪಟೆ ಮುಖಗಳು, ಪೆಡಸಾಗಿ ಸೀಳಿದ ಉಕ್ಕಿನ ಗುರುತು. ಇನ್ನೊಂದು ಚೂರನ್ನು ಕಾಸಿ ಒಳಗಿನ ಹೈಡ್ರೋಜನ್ನನ್ನು ಹೊರಗೆಳೆದು ಅಳೆದಾಗ ಯಂತ್ರ ಕೆಟ್ಟಿದೆಯೇನೋ ಎನಿಸುವಷ್ಟು ಬಂತು. ಬೆಸುಗೆ ಹಾಕಿದ ದಿನ ಸೇರಿದ್ದು ಇಷ್ಟಿರಲು ಸಾಧ್ಯವೇ ಇರಲಿಲ್ಲ. ಇದು ಆಮೇಲೆ, ದಿನದಿನವೂ ಬಂದು ಸೇರಿದ್ದು. ಎಲ್ಲಿಂದ?

ತುಂಡಿನ ಅಂಚಿನಲ್ಲಿ ಏನನ್ನೋ ಬಿಗಿದ ಕ್ಲಾಂಪಿನ ಗುರುತಿತ್ತು. ಗುರುತಿನ ಸುತ್ತ ಬಿಳಿಯ ಹುಡಿ. ವಾರಿಜಾ ಅದನ್ನು ಉಗುರಿನಲ್ಲಿ ಕೆರೆದು ನೋಡಿದಳು. ಪರೀಕ್ಷೆಗೆ ಕಳಿಸುವ ಅಗತ್ಯವೇ ಬೀಳಲಿಲ್ಲ. ಚಿಕ್ಕಂದಿನಿಂದ ನೋಡಿದ ಸತುವಿನ ಹುಡಿ ಅದು.

ಸತು ಕರಗುವಾಗ ಉಕ್ಕಿಗೆ ಸಣ್ಣದೊಂದು ವಿದ್ಯುತ್ತನ್ನು ಹರಿಸುತ್ತದೆ. ತುಕ್ಕನ್ನು ತಡೆಯುವುದೇ ಅದು. ಮಿತಿ ಮೀರಿದರೆ ಆ ವಿದ್ಯುತ್ತು ಉಕ್ಕಿನ ಮೈಮೇಲೆ ನೀರನ್ನು ಒಡೆದು ಹೈಡ್ರೋಜನ್ನನ್ನೂ ಒಳಗೆ ಬಿಡುತ್ತದೆ. ಹಿಂದಿನ ಮೆತ್ತನೆಯ ಬೆಸುಗೆಗಳಿಗೆ ಅದರಿಂದ ಏನೂ ಆಗುತ್ತಿರಲಿಲ್ಲ, ಬಂದದ್ದು ಹಾಗೇ ಹೊರಟುಹೋಗುತ್ತಿತ್ತು. ವಾರಿಜಾಳ ಬೆಸುಗೆ ಬಂದವರನ್ನೆಲ್ಲ ಕೂರಿಸಿಕೊಳ್ಳುವ ಬೆಸುಗೆ. ಮನೆಮನೆಯ ಸತು ಮೂರು ವರ್ಷ ಈ ಮದುವೆಮನೆಗೆ ಜನ ಕಳಿಸುತ್ತಲೇ ಇತ್ತು. ಎಲೆಗಳೆಲ್ಲ ತುಂಬಿದವು. ಕೂತವರು ಏಳುವ ಹಾಗಿಲ್ಲ, ಹೊಸಬರಿಗೆ ಜಾಗವಿಲ್ಲ. ಇನ್ನು ಬಂದವರು ಬಾಗಿಲು ಮುರಿಯಬೇಕಷ್ಟೆ.

ತೊಟ್ಟಿಯಲ್ಲಿ ಉಪ್ಪು ಹಾಕಿದ್ದಳು, ತೆರೆ ಎಬ್ಬಿಸಿದ್ದಳು, ಪಾಚಿಯನ್ನೂ ಬೆಳೆಸಿದ್ದಳು. ಮಂಡಳಿ ಅಳೆದು ಕೊಟ್ಟ ಸತುವನ್ನೂ ಇಳಿಬಿಟ್ಟಿದ್ದಳು. ಮಕ್ಕಳ ಸತುವನ್ನು ಹಾಕಿರಲಿಲ್ಲ. ಗೊತ್ತಿರಲಿಲ್ಲವೆಂದಲ್ಲ, ಅವಳ ಹೆಸರಿನದೇ ಅಲ್ಲಿ ನೇತಾಡುತ್ತಿತ್ತು. ಹೊರಗಿನವಳಾಗಿದ್ದರೆ ನೋಡಿದ ಕೂಡಲೇ ಇದೇನೆಂದು ಕೇಳುತ್ತಿದ್ದಳು. ಅವಳಿಗೆ ಮಾತ್ರ ಅದು ಮನೆಯ ಬಾಗಿಲಿನ ತೋರಣದ ಹಾಗೆ. ತೋರಣವನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಯಾರಿಗೆ ತೋಚುತ್ತದೆ? ಅವಳು ಮೇಜಿಗೆ ತಲೆ ಆನಿಸಿ ಕೂತುಬಿಟ್ಟಳು.

ಮಂಡಳಿಯ ನಿರ್ದೇಶಕರು ಕೆಟ್ಟವರೇನಲ್ಲ. ಎಲ್ಲ ಕೇಳಿ, ಇನ್ನು ಎಷ್ಟು ದಿನ ನಿಲ್ಲಬಹುದು ಎಂದರು. ಬೇಸಿಗೆಯ ಶಾಂತ ಕಡಲಿನಲ್ಲಿ ತೊಂದರೆ ಇಲ್ಲ, ಮಳೆಗಾಲದ ತೆರೆ ಶುರುವಾಗುವ ಮೊದಲು ಊರು ಖಾಲಿಯಾಗಬೇಕು ಎಂದಳು ವಾರಿಜಾ. ಹಾಗಾದರೆ ಇವತ್ತೇ ಸತುವಿನ ವಿಷಯ ಬರೆದು ಎಲ್ಲ ಪಟ್ಣಗಳಿಗೂ ಆದೇಶ ಕಳಿಸುತ್ತೇನೆ ಎಂದರು ಅವರು. ವಾರಿಜಾ ತಡೆದಳು. ಕಾಗದದಲ್ಲಿ ಹೋಗುವ ಮಾತಲ್ಲ ಇದು, ನಮ್ಮವರಿಗೆ ನಾನೇ ಹೇಳುತ್ತೇನೆ, ಮೊದಲು ತೆಂಕುಪಟ್ಣ, ಆಮೇಲೆ ಉಳಿದವು ಎಂದು ಬೇಡಿಕೊಂಡಳು. ಅವರು ಒಪ್ಪಿದರು.

ಅವಳು ಹೋದಾಗ ಗುಲಾಬಿ ಅಂಗಳದಲ್ಲಿ ಕೂತು ತೆಂಗಿನ ನಾರಿನಿಂದ ಸತುವಿನ ಗಟ್ಟಿಗಳನ್ನು ತಿಕ್ಕುತ್ತಿದ್ದಳು. ಈ ವರ್ಷದವು. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ವಾರಿಜಾ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಅತ್ತಿಗೆ, ಈ ಸಲ ಅದನ್ನು ಕಟ್ಟುವುದು ಬೇಡ ಎಂದು ಶುರುಮಾಡಬೇಕೆಂದಿದ್ದಳು. ಪಕ್ಕದಲ್ಲಿ ಕೂತಳು. ಗುಲಾಬಿ ಒಂದನ್ನು ಎತ್ತಿ ಸೆರಗಿನಿಂದ ಒರೆಸಿದಳು.

"ಇದು ದೊಡ್ಡವನದ್ದು," ಎಂದಳು. ಅಷ್ಟು ವರ್ಷಗಳಲ್ಲಿ ಅವಳು ಆ ಮಾತು ಆಡಿದ್ದು ಅದೇ ಮೊದಲು. "ಇದ್ದಿದ್ರೆ ಈಗ ಅಪ್ಪನ ಒಟ್ಟಿಗೆ ನೀರಿಗೆ ಇಳೀತಿದ್ದ."

ನಿನ್ನ ಮಕ್ಕಳ ಸತುವೇ ನಿನ್ನ ಮನೆಯ ಕಾಲನ್ನು ಮುರಿಯುತ್ತಿದೆ ಎಂದು ಆ ಹೊತ್ತಿನಲ್ಲಿ ಆ ಮುಖಕ್ಕೆ ಹೇಳುವುದು ಹೇಗೆ? ವಾರಿಜಾಳ ಮನಸ್ಸು ಕೂಡಲೇ ಒಂದು ಲೆಕ್ಕ ಹಾಕಿಕೊಟ್ಟಿತು. ಹೇಗೂ ಊರು ಬಿಡುತ್ತಾರೆ. ಬಿಡುವ ತನಕದ ಕೆಲವು ದಿನಗಳಲ್ಲಿ ಈ ಮೂರು ನಾಲ್ಕು ಗಟ್ಟಿಗಳಿಂದ ಆಗುವ ವ್ಯತ್ಯಾಸ ಏನು ಮಹಾ? ಲೆಕ್ಕ ಸರಿಯಾಗಿಯೇ ಇತ್ತು. ದಡಕ್ಕೆ ಬಂದು ನೆಲೆಯಾದ ಮೇಲೆ, ಒಂದು ದಿನ ಸಮಾಧಾನದಿಂದ ಹೇಳಿದರಾಯಿತು ಎಂದುಕೊಂಡಳು.

ಸಂಜೆ ಭಜನಾ ಮಂದಿರದ ಮುಂದೆ ಊರು ಸೇರಿತು. ಬೆಸುಗೆ ದುರ್ಬಲವಾಗಿದೆ, ತಪ್ಪು ರಾಡಿನದು, ಅಂದರೆ ನನ್ನದು, ಮಳೆಗೆ ಮೊದಲು ಎಲ್ಲರೂ ದಡ ಸೇರಬೇಕು ಎಂದು ವಾರಿಜಾ ಹೇಳಿದಳು. ಬೈಗುಳ ಬರಬಹುದೆಂದು ಕಾದಳು. ಯಾರೂ ಬೈಯಲಿಲ್ಲ. ಯಂತ್ರ ಅಂದ ಮೇಲೆ ಕೆಡುವುದು ಇದ್ದದ್ದೇ, ನಮ್ಮ ಹುಡುಗಿ ಮೊದಲೇ ಬಂದು ಹೇಳಿದಳಲ್ಲ ಎಂದರು ಊರಿನ ಹಿರಿಯರಾದ ಗುರಿಕಾರರು. ಸಾಮಾನು ಸಾಗಿಸುವ ದೊಡ್ಡ ದೋಣಿಗಳು ಬರಲು ಸ್ವಲ್ಪ ದಿನ ಬೇಕಿತ್ತು. ಹುಣ್ಣಿಮೆ ಕಳೆದು ಹೊರಡುವುದೆಂದು ನಿಶ್ಚಯವಾಯಿತು. ಸತು ಎಂಬ ಶಬ್ದ ಆ ಸಭೆಯಲ್ಲಿ ಬರಲೇ ಇಲ್ಲ.

ದೋಣಿಗಳು ಬಂದ ದಿನ ವಾರಿಜಾ ನಿಯಂತ್ರಣ ಕೊಠಡಿಯಲ್ಲಿದ್ದಳು. ಮಧ್ಯಾಹ್ನದ ಬಿಸಿಲು, ಕಡಲು ಎಣ್ಣೆ ಸುರಿದ ಹಾಗೆ ಶಾಂತ. ಕಿಟಕಿಯಿಂದ ನೋಡಿದರೆ ದೂರದಲ್ಲಿ ತೆಂಕುಪಟ್ಣ ಕಾಣುತ್ತಿತ್ತು, ಪಕ್ಕಕ್ಕೆ ಹತ್ತಿ ನಿಂತ ದೋಣಿಗಳೂ ಕಾಣುತ್ತಿದ್ದವು. ಇದಿನಬ್ಬ ಚಹ ಮುಂದಿಟ್ಟು, ಮೇಡಂ, ಇದು ಒಂದು ನೋಡಿ ಎಂದ.

ಪ್ರತಿ ಕಾಲಿನ ಮೇಲೂ ಸತು ಹರಿಸುವ ವಿದ್ಯುತ್ತನ್ನು ತೋರಿಸುವ ಮೀಟರಿತ್ತು, ಸತು ಹೆಚ್ಚಿದಷ್ಟೂ ಅದರ ಮುಳ್ಳು ಕೆಳಗೆ. ಪರದೆಯ ಮೇಲೆ ಮಂಡಳಿ ಒಂದು ಗೆರೆ ಹಾಕಿತ್ತು. ಮುಳ್ಳು ಅದಕ್ಕಿಂತ ಕೆಳಗೆ ಇದ್ದಷ್ಟೂ ತುಕ್ಕು ಕಡಿಮೆ, ಒಳ್ಳೆಯದೇ ಆಯಿತು ಎಂದು ಇಷ್ಟು ವರ್ಷ ಎಲ್ಲರೂ ಸುಮ್ಮನಿದ್ದರು. ಈಗ ತೆಂಕುಪಟ್ಣದ ಎಲ್ಲ ಕಾಲುಗಳ ಮುಳ್ಳೂ ಗೆರೆಯಿಂದ ಎಷ್ಟೋ ಕೆಳಗೆ ಹೋಗಿ ಪರದೆಯ ತಳಕ್ಕೆ ಮುಟ್ಟಿತ್ತು. ಸಭೆಯಾದ ಮರುದಿನದಿಂದ ಹೀಗೆ ಇಳಿಯುತ್ತ ಬಂದಿದೆ, ಮಿಷನ್ ಹಾಳಾಗಿರಬೇಕು ಎಂದ ಇದಿನಬ್ಬ.

ಮಿಷನ್ ಹಾಳಾಗಿರಲಿಲ್ಲ. ಮುಳುಗುಗಾರರ ಫೋನಿನ ತಂತಿಗೆ ಜೋಡಿಸು ಎಂದಳು ವಾರಿಜಾ. ಯಾದವ ನೀರಿನಡಿಯಲ್ಲೇ ಇದ್ದ.

"ಅಣ್ಣ, ಎಂತ ಮಾಡ್ತಾ ಇದ್ದೀ?"

"ಸತು ಕಟ್ತಾ ಇದ್ದೇವೆ," ಎಂದ ಯಾದವ. ಅವನ ಸ್ವರದಲ್ಲಿ ಒಳ್ಳೆಯ ಕೆಲಸ ಮಾಡುವವನ ಹುರುಪಿತ್ತು. "ಕಾಲು ಸೋತಿದೆ ಅಂತ ನೀನೇ ಹೇಳಿದ್ದಲ್ವಾ. ಸಾಮಾನು ಸಾಗಿಸುವ ತನಕ ಆದ್ರೂ ನಿಲ್ಬೇಕಲ್ಲ. ಬೋಟುಗಳದ್ದೂ ಎಲ್ಲ ಬಿಚ್ಚಿ ತಂದಿದ್ದೇವೆ. ಒಂದು ಮನೆಯವರೂ ಬಾಕಿ ಇಲ್ಲ."

ಊರಿಗೆ ಊರೇ ಕಾಲಿನ ಆರೈಕೆಗೆ ಇಳಿದಿತ್ತು. ಕಾಲು ದುರ್ಬಲ ಎಂದು ಕೇಳಿದ ಮೇಲೆ ಆ ಜನ ಬೇರೆ ಏನು ಮಾಡಿಯಾರು? ಅವರಿಗೆ ಗೊತ್ತಿದ್ದ ಮದ್ದು ಅದೊಂದೇ. ಅದು ವಾರಿಜಾಳಿಗೂ ಗೊತ್ತಿತ್ತು. ಎಲ್ಲ ಲೆಕ್ಕ ಹಾಕಿದವಳಿಗೆ ಇದೊಂದು ಹೊಳೆದಿರಲಿಲ್ಲ. ಇದಿನಬ್ಬನಿಗೆ ಊರಿನ ಸೈರನ್ ಒತ್ತಲು ಸನ್ನೆ ಮಾಡಿ ಅವಳು ತಂತಿಯಲ್ಲಿ ಹೇಳಿದಳು.

"ಅಣ್ಣ, ಸತುವಿನಿಂದಲೇ ಬಿರುಕು ಬಿಡುದು. ನಾನು ಹೇಳ್ಲಿಲ್ಲ. ಈಗಲೇ ಮೇಲೆ ಬಾ."

ಯಾದವ, ಉಳಿದ ಹುಡುಗರನ್ನು ಮೇಲಕ್ಕೆ ಕಳಿಸುತ್ತಿದ್ದೇನೆ ಎಂದ. ಅವರು ಹತ್ತಿದ್ದು ತಂತಿಯಲ್ಲಿ ಕೇಳಿಸಿತು. ನೀನೂ ಬಾ ಎಂದಳು ವಾರಿಜಾ. ತಾನು ಮನೆಯ ಕಾಲಿನ ಹತ್ತಿರ ಇದ್ದೇನೆ ಎಂದ. ಈಗ ಬಿಚ್ಚಿ ಏನೂ ಪ್ರಯೋಜನ ಇಲ್ಲ, ಬಿಟ್ಟು ಬಾ ಎಂದು ಅವಳು ಅಂಗಲಾಚಿದಳು.

"ಮಕ್ಕಳದ್ದು ಎರಡು ತೆಗ್ದು ಬರ್ತೇನೆ," ಎಂದ ಯಾದವ. "ನಾಳೆ ನಿಮ್ಮ ಮಂಡಳಿಯವರು ಕಾಲನ್ನು ಎತ್ತಿ ನೋಡ್ತಾರೆ. ಅದು ಅಲ್ಲಿ ಇರುದು ಬೇಡ. ಮಕ್ಕಳ ಸತುವಿನಿಂದ ಬಿರುಕು ಬಿಟ್ಟದ್ದು ಅಂತ ಗುಲಾಬಿಗೆ ಗೊತ್ತಾಗುದು ಬೇಡ."

ಸಿಡಿದ ಸದ್ದಿಗೆ ಇದಿನಬ್ಬ ಕಿವಿಯಿಂದ ಹೆಡ್‌ಫೋನನ್ನು ಕಿತ್ತೆಸೆದ. ತಂತಿ ಸ್ತಬ್ಧವಾಯಿತು. ಕಿಟಕಿಯಾಚೆ ತೆಂಕುಪಟ್ಣದ ಒಂದು ಮೂಲೆ ನಿಧಾನವಾಗಿ, ಆಯಾಸಗೊಂಡವರು ಕೂರುವ ಹಾಗೆ ಕೆಳಗಿಳಿಯಿತು.

ದೋಣಿಗಳು ಪಕ್ಕದಲ್ಲೇ ಇದ್ದದ್ದರಿಂದ, ಸೈರನ್ ಮೊದಲೇ ಕೂಗಿದ್ದರಿಂದ, ಜನ ಉಳಿದರು. ಸಂಜೆಯ ಹೊತ್ತಿಗೆ ಅರ್ಧ ಊರು ನೀರಿನಲ್ಲಿತ್ತು. ಯಾದವ ಸಿಗಲು ಎರಡು ದಿನ ಹಿಡಿಯಿತು.

ಮಳೆ ಹಿಡಿದ ಮೇಲೆ ಗುಡ್ಡದ ಶೆಡ್ಡು ಮತ್ತೆ ತುಂಬಿತು. ವಾರಿಜಾ ವಾರಕ್ಕೊಮ್ಮೆ ಹೋಗಿ ಅತ್ತಿಗೆಯ ಪಕ್ಕದಲ್ಲಿ ಕೂತು ಬರುತ್ತಿದ್ದಳು. ಮಾತು ಹೆಚ್ಚು ಇರುತ್ತಿರಲಿಲ್ಲ. ಅಷ್ಟರಲ್ಲಿ ಮಂಡಳಿಯ ಆದೇಶ ಉಳಿದ ಪಟ್ಣಗಳಿಗೆ ಹೋಗಿತ್ತು. ಅಲ್ಲಿಯ ಬೆಸುಗೆಗಳು ತೆಂಕುಪಟ್ಣದಷ್ಟು ಹಳೆಯವಲ್ಲ. ಸತು ತೆಗೆದರೆ, ಮತ್ತೆ ಕಟ್ಟದಿದ್ದರೆ, ಉಳಿಯುತ್ತವೆ ಎಂದು ವಾರಿಜಾಳೇ ಲೆಕ್ಕ ಮಾಡಿಕೊಟ್ಟಿದ್ದಳು. ಆದರೆ ಬಡಗುಪಟ್ಣದಲ್ಲಿ ಒಬ್ಬರೂ ಸತು ಬಿಚ್ಚಲಿಲ್ಲ. ಮಂಡಳಿ ತನ್ನ ತಪ್ಪನ್ನು ನಮ್ಮ ಮಕ್ಕಳ ತಲೆಗೆ ಕಟ್ಟುತ್ತಿದೆ ಎಂದರು. ವಾರಿಜಾ ತಾನೇ ಹೋಗಿ ಹೇಳಿದಾಗ, ಅಣ್ಣನನ್ನು ಕಳಕೊಂಡವಳೆಂದು ಚಹ ಕೊಟ್ಟು ಕಳಿಸಿದರು. ಪೂರ್ಣಿಮೆಯ ಗಂಡ ಎರಡು ಗಟ್ಟಿ ಹೆಚ್ಚೇ ಕಟ್ಟಿದ್ದಾನೆಂದು ತಿಳಿಯಿತು. ಪೂರ್ಣಿಮೆಗೆ ಆಗ ಆರನೆಯ ತಿಂಗಳು.

ಅದರ ಮರುದಿನ ವಾರಿಜಾ ಶೆಡ್ಡಿಗೆ ಹೋದಾಗ ಗುಲಾಬಿ ತಾನಾಗಿ ಬಾಯಿ ಬಿಟ್ಟಳು. ಮಂಡಳಿಯವರು ಏನೋ ಹೇಳುತ್ತಿದ್ದಾರಂತೆ, ನಾನು ಕಿವಿಗೆ ಹಾಕಿಕೊಂಡಿಲ್ಲ ಎಂದಳು. ಆಮೇಲೆ ಕೇಳಿದಳು.

"ಸತು ಕಟ್ಟದಿದ್ರೆ ಇನ್ನೂ ಮೊದಲೇ ಮುರೀತಿತ್ತು, ಅಲ್ವಾ?"

ಹೌದು ಎಂದರೆ ಮುಗಿಯುತ್ತಿತ್ತು. ಆ ಹೆಂಗಸಿಗೆ ಉಳಿದಿದ್ದ ಸಮಾಧಾನ ಅದೊಂದೇ. ವಾರಿಜಾ ಇಲ್ಲ ಎಂದಳು. ತೊಟ್ಟಿಯಿಂದ ಶುರುಮಾಡಿ, ಬಿಳಿಯ ಹುಡಿ, ಅಂಗಳದಲ್ಲಿ ನುಂಗಿಕೊಂಡ ಮಾತು, ಪರದೆಯ ಮುಳ್ಳು, ಯಾದವ ತಂತಿಯಲ್ಲಿ ಕೊನೆಗೆ ಹೇಳಿದ್ದು, ಒಂದನ್ನೂ ಬಿಡದೆ ಹೇಳಿದಳು. ಬಡಗುಪಟ್ಣದ ವಿಷಯವನ್ನೂ ಹೇಳಿದಳು. ಹೇಳಬೇಕೆಂದೇ ಹೇಳಿದೆನೋ, ಬಡಗುಪಟ್ಣದವರನ್ನು ಒಪ್ಪಿಸಲು ಈಗ ಅವಳ ಅಗತ್ಯ ಬಿತ್ತೆಂದು ಹೇಳಿದೆನೋ ಎಂಬುದು ಆಮೇಲೂ ವಾರಿಜಾಳಿಗೆ ಬಗೆಹರಿಯಲಿಲ್ಲ. ಗುಲಾಬಿ ಅಳಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದಳು. ಕತ್ತಲಾದ ಮೇಲೆ ವಾರಿಜಾ ಎದ್ದು ಹೋದಳು.

ಬೆಳಿಗ್ಗೆ ಗುಲಾಬಿಯೇ ಫೋನು ಮಾಡಿ, ಬಡಗುಪಟ್ಣಕ್ಕೆ ದೋಣಿ ಎಷ್ಟು ಹೊತ್ತಿಗೆ ಎಂದು ಕೇಳಿದಳು.

ಅಲ್ಲಿ ಅವಳು ಭಾಷಣವೇನೂ ಮಾಡಲಿಲ್ಲ. ಮಗಳ ಮನೆಗೂ ಮೊದಲು ಹೋಗಲಿಲ್ಲ. ಮೀನು ಒಣಗಿಸುವ ಅಂಗಳದಲ್ಲಿದ್ದ ಹೆಂಗಸರ ನಡುವೆ ಕೂತು, ನಮ್ಮ ಮನೆಯ ಕಾಲು ಮುರಿದದ್ದು ಸತುವಿನಿಂದ, ನಾನು ತಿಕ್ಕಿ ಕೊಟ್ಟ ಸತುವಿನಿಂದ ಎಂದಳು. ಅದನ್ನೇ ಒಂದೊಂದು ಅಂಗಳಕ್ಕೂ ಹೋಗಿ ಹೇಳಿದಳು. ಯಾರೂ ಅವಳೊಡನೆ ವಾದಕ್ಕೆ ಇಳಿಯಲಿಲ್ಲ. ಮಧ್ಯಾಹ್ನದ ಇಳಿತದಲ್ಲಿ ಕಡಲು ಒಂದಿಷ್ಟು ಬಿಡುವು ಕೊಟ್ಟಿತು, ಮುಳುಗುಗಾರರು ನೀರಿಗಿಳಿದರು. ಮೊದಲು ಮೇಲೆ ಬಂದದ್ದು ಪೂರ್ಣಿಮೆಯ ಮನೆಯವು. ಒಂದೊಂದಾಗಿ ಹಗ್ಗದಲ್ಲಿ ಬಂದ ಗಟ್ಟಿಗಳನ್ನು ಗುಲಾಬಿ ಎತ್ತಿಕೊಂಡು ಸಾಲಾಗಿ ಇಡುತ್ತಿದ್ದಳು. ಮಕ್ಕಳ ತಾಯಂದಿರು ಅವರವರದನ್ನು ಗುರುತು ಹಿಡಿದು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಒಯ್ದರು.

ವಾರಿಜಾ ಸ್ವಲ್ಪ ದೂರದಲ್ಲಿ ನಿಂತಿದ್ದಳು. ಹತ್ತಿರ ಹೋಗಿ ಸಹಾಯ ಮಾಡಲೇ ಎಂದು ಕೇಳಿದಳು. ಗುಲಾಬಿ ತಲೆ ಎತ್ತದೆ ಮಾತಾಡಿದಳು.

"ನೀನು ಹೇಳ್ಲಿಲ್ಲ, ಅವರೂ ಹೇಳ್ಲಿಲ್ಲ. ನಾನು ತಡಕೊಳ್ಲಿಕ್ಕಿಲ್ಲ ಅಂತ ಅಣ್ಣ ತಂಗಿ ಇಬ್ಬರೂ ನೀವೇ ತೀರ್ಮಾನ ಮಾಡಿದ್ರಿ. ಇಲ್ಲದ ಮಕ್ಕಳ ಸತು, ವಾರಿಜಾ. ಇದ್ದ ಗಂಡನಿಗಿಂತ ಅದು ಹೆಚ್ಚಾ ನಂಗೆ? ಅವತ್ತು ಅಂಗಳದಲ್ಲಿ ಒಂದು ಮಾತು ಹೇಳಿದ್ದಿದ್ರೆ ನಾನೇ ಇಳಿದು ಬಿಚ್ಚಿಸ್ತಿದ್ದೆ."

ಗುಲಾಬಿ ಉತ್ತರಕ್ಕೆ ಕಾಯಲಿಲ್ಲ. ಮುಂದಿನ ಹಗ್ಗ ಅಲುಗಾಡುತ್ತಿತ್ತು, ಅವಳು ಅದನ್ನು ಎಳೆದುಕೊಳ್ಳಲು ಬಾಗಿದಳು.